ಸೋಪಿನ ಪಂಗಡದವರು

ಮಾರ್ಚ್ 3, ಮಂಗಳವಾರ

ಒಗೆಯಲು ಹಾಕಿದ್ದ ಇವರ ಅಂಗಿಯನ್ನು ಎತ್ತಿಕೊಂಡವಳು ಹಾಗೇ ನಿಂತುಬಿಟ್ಟೆ. ಅಂಗಿಯಿಂದ ಸೆಂಟಿನ ವಾಸನೆ ಬರುತ್ತಿತ್ತು.

ಬೇರೆ ಯಾರ ಮನೆಯಲ್ಲಾದರೂ ಇದು ಸುದ್ದಿಯಲ್ಲ. ನಮ್ಮಲ್ಲಿ ಸುದ್ದಿ. ಮದುವೆಯಾಗಿ ಇಪ್ಪತ್ತಾರು ವರ್ಷ, ಅದರಲ್ಲಿ ಹದಿನೇಳು ವರ್ಷದಿಂದ ನನಗೆ ಗಂಡಸರ ಸೆಂಟಿನ ಅಂಗಡಿ ಇದೆ. ಒಂದು ದಿನಕ್ಕೂ ಈ ಮನುಷ್ಯ ಒಂದು ತೊಟ್ಟು ಹಚ್ಚಿಕೊಂಡವರಲ್ಲ. ಅಂಗಡಿ ತೆರೆದ ದಿನ ನಾನೇ ಕತ್ತಿನ ಹತ್ತಿರ ಒಂದು ಹನಿ ಹಚ್ಚಲು ಹೋದರೆ "ಬೇಡ, ಸೀನು ಬರತ್ತೆ" ಎಂದು ಮುಖ ತಿರುಗಿಸಿದ್ದರು.

ನನ್ನ ಕಸುಬು ಅರ್ಧ ಮೂಗು, ಅರ್ಧ ಬಾಯಿ. ಸೋಪು, ಪೌಡರಿನ ಚೀಲ ಹೆಗಲಿಗೆ ಹಾಕಿಕೊಂಡು ಮನೆ ಮನೆಯ ಬಾಗಿಲು ಬಡಿದವಳು, ಮಾತಿನಲ್ಲೇ ಮೇಲೆ ಬಂದವಳು. ಅಂಗಡಿಯಲ್ಲಿ ಪ್ರತಿ ಬಾಟಲಿಯ ಮುಂದೂ ನಾನೇ ಕೈಯಾರೆ ಬರೆದ ಒಂದು ಕಾರ್ಡು ಇದೆ. ಇದನ್ನು ಹಚ್ಚಿಕೊಳ್ಳುವ ಗಂಡಸು ಎಂಥವನು ಎಂದು ಅದರಲ್ಲಿರುತ್ತದೆ. ಜನ ಬಾಟಲಿ ಮೂಸುವ ಮೊದಲು ಕಾರ್ಡು ಓದುತ್ತಾರೆ. ಅರ್ಧ ವ್ಯಾಪಾರ ಅಲ್ಲಿಗೇ ಮುಗಿದಿರುತ್ತದೆ. ಗಿರಾಕಿ ಮೆಟ್ಟಿಲು ಹತ್ತಿ ಒಳಗೆ ಬರುವಷ್ಟರಲ್ಲಿ ಅವನ ಪಂಗಡ ಯಾವುದೆಂದು ಹೇಳಬಲ್ಲೆ. ನಿಂಬೆಯವರಿಗೆ ಬೆಳಿಗ್ಗೆ ಭಾರಿ ಹುರುಪು, ಮಧ್ಯಾಹ್ನಕ್ಕೆ ನಾಪತ್ತೆ. ಮಸಾಲೆಯವರು ಪಿಸುಗುಟ್ಟಿದರೂ ಬೀದಿಗೆ ಕೇಳುತ್ತದೆ. ಸಮುದ್ರದವರು ಸಮುದ್ರ ನೋಡಿರುವುದಿಲ್ಲ. ಮರದವರು ಬೇರೆ. ಕಡಿಮೆ ಮಾತು, ಬೇಗ ಬಿಟ್ಟುಕೊಡುವುದಿಲ್ಲ, ಒಂದೇ ಬಾಟಲಿಗೆ ವರ್ಷಗಟ್ಟಲೆ ಬರುತ್ತಾರೆ. ನಮ್ಮನೆಯವರನ್ನು ನಾನು ಎಂದೋ ಸೋಪಿನ ಪಂಗಡಕ್ಕೆ ಸೇರಿಸಿಟ್ಟಿದ್ದೇನೆ. ತೊಳೆದರೆ ಹೋಯಿತು, ಉಳಿಯುವುದೇನೂ ಇಲ್ಲ. ಬೈಗುಳವಲ್ಲ ಇದು, ಲೆಕ್ಕ.

ಅಂಗಿಯ ವಾಸನೆ ಮರದ್ದು. ದೇವದಾರು. ಅದರ ಮೇಲೆ ಲ್ಯಾವೆಂಡರ್, ರೋಸ್‌ಮೇರಿ ಸೊಪ್ಪು. ಅಡಿಯಲ್ಲಿ ರಾಳ, ಇನ್ನೂ ಅಡಿಯಲ್ಲಿ ಒಂದು ಚೂರು ತೊಗಲು. ಮರವೂ ಸೊಪ್ಪೂ ಕೂಡಿದ ಗಂಡಸರ ಸೆಂಟು, ವ್ಯಾಪಾರದ ಭಾಷೆಯಲ್ಲಿ ವುಡಿ ಅರೋಮ್ಯಾಟಿಕ್. ನನ್ನ ಕಪಾಟಿನಲ್ಲಿ ಅಂಥವು ಒಂಬತ್ತಿವೆ. ಇದು ಆ ಒಂಬತ್ತರಲ್ಲಿ ಯಾವುದೂ ಅಲ್ಲ. ಅವೆಲ್ಲಕ್ಕಿಂತ ಚೆನ್ನಾಗಿದೆ.

ಅಂದರೆ ಬೇರೆ ಅಂಗಡಿಯದು. ಸೆಂಟು ಹಚ್ಚಿಕೊಂಡದ್ದಕ್ಕೆ ಹೊಟ್ಟೆ ಉರಿಯುತ್ತಿದೆಯೋ, ಬೇರೆ ಅಂಗಡಿಯಲ್ಲಿ ಕೊಂಡದ್ದಕ್ಕೋ, ನನಗೇ ತಿಳಿಯುತ್ತಿಲ್ಲ.

ಮಾರ್ಚ್ 5, ಗುರುವಾರ

ಎರಡು ದಿನ ಕಾದು ನೋಡಿದೆ. ಬೆಳಿಗ್ಗೆ ಎಂಟಕ್ಕೆ ಬುತ್ತಿ ಹಿಡಿದು ಹೊರಡುವಾಗ ಕಾಲರ್ ಸರಿಮಾಡುವ ನೆಪದಲ್ಲಿ ಮೂಸಿದೆ. ಬರೀ ಸೋಪು. ಸಂಜೆ ಏಳಕ್ಕೆ ಬಂದಾಗ ಲ್ಯಾವೆಂಡರ್ ಎದ್ದು ನಿಂತಿದೆ.

ಕಸುಬಿನವರಿಗಲ್ಲದೆ ಬೇರೆಯವರಿಗೆ ಇದರ ಗುಟ್ಟು ಗೊತ್ತಾಗುವುದಿಲ್ಲ. ಸೆಂಟಿನಲ್ಲಿ ಲ್ಯಾವೆಂಡರಿನಂಥ ಹಗುರದ್ದು ಮೊದಲು ಹಾರಿಹೋಗುತ್ತದೆ. ಸಂಜೆಗೆ ಉಳಿಯುವುದು ಮರ, ರಾಳ. ಸಂಜೆ ಏಳಕ್ಕೂ ಲ್ಯಾವೆಂಡರ್ ಇದೆ ಎಂದರೆ ಹಚ್ಚಿದ್ದು ಬೆಳಿಗ್ಗೆ ಅಲ್ಲ, ಮಧ್ಯಾಹ್ನ ನಾಲ್ಕರ ಮೇಲೆ. ಇವರು ವಿದ್ಯುತ್ ಸಾಮಾನಿನ ಗೋದಾಮಿನಲ್ಲಿ ಉಸ್ತುವಾರಿ. ನಾಲ್ಕರ ಮೇಲೆ ವೈರಿನ ಸುರುಳಿಗಳ ಎದುರು ಯಾರಾದರೂ ಸೆಂಟು ಹಚ್ಚಿಕೊಂಡು ಕೂರುತ್ತಾರೆಯೇ?

ಊಟಕ್ಕೆ ಕೂತಾಗ ಕೇಳಿದೆ. "ಸೋಪು ಬದಲಾಯಿಸಿದ್ರಾ?"

"ಇಲ್ವಲ್ಲ. ನೀನು ಇಟ್ಟಿದ್ದೇ."

"ಮತ್ತೆ ಏನೋ ಘಂ ಅಂತಿದೆ?"

ತಮ್ಮ ತೋಳನ್ನು ತಾವೇ ಮೂಸಿಕೊಂಡರು. "ನನಗೇನೂ ಬರ್ತಿಲ್ಲಪ್ಪ. ನಿನ್ನ ಮೂಗಿಗೆ ಅಂಗಡಿ ಅಂಟ್ಕೊಂಡಿದೆ."

ಹೇಳುವಾಗ ಕಿವಿ ಕೆಂಪಾಗಿತ್ತು. ಈ ಮನುಷ್ಯನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ, ಹೊಸಬರು.

ಮಾರ್ಚ್ 8, ಭಾನುವಾರ

ಭಾನುವಾರ ಇಡೀ ದಿನ ಮನೆಯಲ್ಲೇ. ವಾಸನೆ ಇಲ್ಲ. ಅಲ್ಲಿಗೆ ಸೆಂಟಿಗೂ ಭಾನುವಾರ ರಜೆ.

ಕಂಡದ್ದನ್ನು ಕಂಡಂತೆ ಬರೆದಿಡುತ್ತೇನೆ, ಕೂಡುವುದು ಆಮೇಲೆ. ಎಡಗೈ ಹೆಬ್ಬೆರಳಿಗೆ ಪಟ್ಟಿ. ಕೇಳಿದರೆ "ಡಬ್ಬದ ಅಂಚು ತಾಗ್ತು" ಅಂದರು. ನಮ್ಮದು ಮೂರನೇ ಮಹಡಿ. ಎರಡನೆಯದರಲ್ಲಿ ನಿಂತು ದಮ್ಮು ತೆಗೆದುಕೊಳ್ಳುತ್ತಿದ್ದವರು ಈ ವಾರ ಎರಡೆರಡು ಮೆಟ್ಟಿಲು ಹಾರಿ ಬರುತ್ತಿದ್ದಾರೆ. ಉಗುರು ಗಿಡ್ಡಕ್ಕೆ ಕತ್ತರಿಸಿದೆ, ಅಂಚಿನಲ್ಲಿ ಕಂದು ಬಣ್ಣದ ಹೊಳಪು. ಪ್ಯಾಂಟಿನ ಮಡಿಕೆಯಲ್ಲಿ ಕೆಂಬಣ್ಣದ ನುಣ್ಣನೆ ಧೂಳು, ರಸ್ತೆ ಅಗೆಯುತ್ತಿದ್ದಾರಲ್ಲ, ಅದರದ್ದಿರಬೇಕು. ಮೊನ್ನೆ ಹರಿದ ಬನಿಯನ್ನನ್ನೂ ತೂತು ಬಿದ್ದ ಉಣ್ಣೆಯ ಕಾಲುಚೀಲವನ್ನೂ ಕೇಳಿ ತೆಗೆದುಕೊಂಡು ಹೋದರು. "ಒರೆಸೋಕೆ ಬೇಕು."

ಸಂಜೆ ಸೆಂಟು, ಕತ್ತರಿಸಿದ ಉಗುರು, ಹಾರುವ ಮೆಟ್ಟಿಲು. ಐವತ್ತಮೂರರ ಗಂಡಸು. ಕೂಡಿದರೆ ಬರುವುದು ಒಂದೇ ಮೊತ್ತ. ಮೇಲಿನಿಂದ ಕೆಳಕ್ಕೆ ಕೂಡಿದೆ, ಕೆಳಗಿನಿಂದ ಮೇಲಕ್ಕೆ ಕೂಡಿದೆ. ಯಾರೋ ಒಬ್ಬಳು. ಅವಳೇ ಕೊಟ್ಟ ಬಾಟಲಿ.

ಕೊಟ್ಟವಳಿಗೆ ರುಚಿ ಇದೆ ಎಂದು ಒಪ್ಪಲೇಬೇಕು. ಅದೇ ಸಂಕಟ. ಮಧ್ಯಾಹ್ನ ಇವರು ಮಲಗಿದ್ದಾಗ, ಗೊತ್ತಿಲ್ಲದ ಆ ಸೆಂಟಿಗೆ ಒಂದು ಕಾರ್ಡು ಬರೆಯೋಣ ಎನ್ನಿಸಿತು, ಶತ್ರುವನ್ನು ಅಳೆದ ಹಾಗೂ ಆಗುತ್ತದೆ ಎಂದು. ಹೀಗೆ ಬಂತು:

‘ಇದನ್ನು ಹಚ್ಚುವ ಗಂಡಸಿಗೆ ಆತುರವಿಲ್ಲ. ಕೈಗೆತ್ತಿಕೊಂಡದ್ದನ್ನು ನಡುವೆ ಬಿಡುವವನಲ್ಲ. ಯಾರನ್ನೂ ಮೆಚ್ಚಿಸಲು ಹೊರಟಿಲ್ಲ. ಕೇಳಿದರೆ ಎಲ್ಲವನ್ನೂ ಹೇಳುತ್ತಾನೆ, ಯಾರೂ ಕೇಳಿರುವುದಿಲ್ಲ.’

ಕೊನೆಯ ಸಾಲು ಎಲ್ಲಿಂದ ಬಂತೋ. ವ್ಯಾಪಾರಕ್ಕೆ ಆಗುವ ಸಾಲಲ್ಲ. ಹೊಡೆದುಹಾಕಿದೆ.

ಮಾರ್ಚ್ 11, ಬುಧವಾರ

ಅಂಗಡಿಯನ್ನು ಪಕ್ಕದ ದರ್ಜಿಯಣ್ಣನ ಕಣ್ಣಳತೆಯಲ್ಲಿ ಬಿಟ್ಟು ಪೇಟೆಯ ನಾಲ್ಕು ಮಹಡಿಯ ದೊಡ್ಡ ಮಳಿಗೆಗೆ ಹೋದೆ. ಅಲ್ಲಿಗೆ ಕಾಲಿಡುವುದಿಲ್ಲ ಎಂದು ಆಣೆ ಹಾಕಿದ್ದೆ. ಇವರ ದೆಸೆಯಿಂದ ಅದೂ ಮುರಿಯಿತು.

ಮೂವತ್ತೊಂದು ಬಾಟಲಿ ಮೂಸಿದೆ. ಹನ್ನೆರಡರ ಮೇಲೆ ಮೂಗು ಕೆಲಸ ನಿಲ್ಲಿಸುತ್ತದೆ. ಆಗ ನಮ್ಮದೇ ಉಣ್ಣೆಯ ಶಾಲಿನಲ್ಲಿ ಮುಖ ಹುದುಗಿಸಿ ಮೂಗಿಗೆ ವಿಶ್ರಾಂತಿ ಕೊಡಬೇಕು. ಹಾಗೆ ಮುಖ ಮುಚ್ಚಿ ನಿಂತಿದ್ದಾಗ ಮಳಿಗೆಯ ಹುಡುಗಿ ಬಂದು ಬೆನ್ನು ಸವರಿ "ಅಳಬೇಡಿ ಆಂಟಿ, ಯಾರಿಗೆ ಉಡುಗೊರೆ?" ಎಂದಳು.

"ನಮ್ಮನೆಯವರಿಗೆ."

"ಅವರು ಎಂಥವರು? ಹೇಳಿ, ನಾನು ಆರಿಸಿಕೊಡ್ತೀನಿ."

ನನ್ನದೇ ಮಾತು, ನನ್ನದೇ ದನಿ, ತಲೆ ಓರೆ ಮಾಡುವುದೂ ನನ್ನಂತೆಯೇ. ಸಾವಿರ ಸಲ ನಾನು ಕೇಳಿದ ಪ್ರಶ್ನೆ. ಹೇಳಲು ಬಾಯಿ ತೆರೆದೆ. ಬಂದದ್ದು ಇಷ್ಟು: "ಎತ್ತರ. ಸಕ್ಕರೆ ಕಡಿಮೆ."

ಹುಡುಗಿ ನಕ್ಕಳು. ನಾನೂ ನಕ್ಕೆ. ಆಮೇಲೆ ಬಸ್ಸಿನಲ್ಲಿ ನಗು ಬರಲಿಲ್ಲ.

ಮೂವತ್ತೊಂದರಲ್ಲೂ ಅದು ಇಲ್ಲ.

ಮಾರ್ಚ್ 15, ಭಾನುವಾರ

ತಂಗಿ ಬಂದಿದ್ದಳು. ಇವರು ಸಾಮಾನು ತರಲು ಕೆಳಗೆ ಇಳಿದದ್ದೇ ತಡ, ಎಲ್ಲ ಹೇಳಿದೆ.

"ಭಾವನಾ?" ಎಂದು ಕುರ್ಚಿಯಿಂದ ಬೀಳುವಷ್ಟು ನಕ್ಕಳು. "ಬಸ್ಸಲ್ಲಿ ಸ್ವಲ್ಪ ಸರೀರಿ ಅನ್ನೋಕೂ ನಾಚ್ಕೊಳೋ ಮನುಷ್ಯ. ಅವರಿಗೆ ಇನ್ನೊಬ್ಬಳಾ? ನಿನಗೆ ತಲೆ ಕೆಟ್ಟಿದೆ."

"ಮೂಗು ಕೆಟ್ಟಿಲ್ಲ ನಂದು."

"ಊರ ಗಂಡಸರನ್ನೆಲ್ಲ ಮೂಗಲ್ಲೇ ಅಳೀತೀಯ, ಮನೆ ಗಂಡಸಿನ ಹತ್ರ ಬಂದಾಗ ನೆಗಡಿ ಆಯ್ತಾ ಅಕ್ಕಾ? ಹೋಗಿ ನೇರ ಕೇಳು."

"ಏನಂತ ಕೇಳಲಿ?"

"'ಏನ್ರೀ ಇದು' ಅಂತ. ಎರಡೇ ಪದ. ನೀನು ಎರಡು ಪದಕ್ಕೆ ನಿಲ್ಸೋದು ಕಷ್ಟ, ಅದು ಗೊತ್ತು ನಂಗೆ."

ಅವಳು ಹೋದ ಮೇಲೆ ಕೂತು ಯೋಚಿಸಿದೆ. ಇವರಿಗೆ ನಾನು ಹೇಳಿದ್ದಕ್ಕೆ ಲೆಕ್ಕವಿಲ್ಲ. ಯಾವ ಅಂಗಿ ಹಾಕಬೇಕು, ಯಾರ ಹತ್ತಿರ ಹೇಗೆ ಮಾತಾಡಬೇಕು, ಯಾವ ಡಾಕ್ಟರು. ಕೇಳಿದ್ದು ಏನಿದೆ ಎಂದು ನೆನಪು ಮಾಡಿಕೊಂಡರೆ ‘ಬಡಿಸಲಾ’, ‘ದೀಪ ಆರಿಸಲಾ’. ಬೇರೆಯವೂ ಇರಬಹುದು, ಈಗ ಹೊಳೆಯುತ್ತಿಲ್ಲ.

ಕೇಳಲಿಲ್ಲ. ‘ಹೌದು’ ಅಂದುಬಿಟ್ಟರೆ?

ಮಾರ್ಚ್ 19, ಗುರುವಾರ

ಗೋದಾಮಿನ ಗೇಟಿಗೆ ಹೋದೆ. ಮರೆತ ಕನ್ನಡಕ ಕೊಡಲು ಬಂದೆ ಎನ್ನುವ ನೆಪ, ಕೈಯಲ್ಲಿ ನನ್ನದೇ ಹಳೆ ಕನ್ನಡಕ.

ಕಾವಲುಗಾರ ಹಳೆಯ ಪರಿಚಯ. "ಏನಕ್ಕಾ, ಸಾರ್ ಹುಷಾರಾಗಿದ್ದಾರಾ? ರಜೇಲಿ ಎಲ್ಲಾದ್ರೂ ಹೋಗಿ ಬಂದ್ರಾ?"

"ರಜೆ?"

"ಅಲ್ವಾ ಮತ್ತೆ! ಇಷ್ಟು ವರ್ಷ ಒಂದು ದಿನ ರಜಾ ಹಾಕ್ದೋರಲ್ಲ. ಕೂಡಿಟ್ಟಿದ್ದು ಈಗ ತಗೊಳ್ದಿದ್ರೆ ಹೋಗತ್ತೆ ಅಂತ ಆಫೀಸ್ನೋರೇ ಬಲವಂತ ಮಾಡಿ ಕಳ್ಸಿದ್ರು. ಜನವರಿ ಹದಿಮೂರರಿಂದ ಮೂರು ತಿಂಗಳು. ಏಪ್ರಿಲ್ ಹದಿಮೂರಕ್ಕೆ ವಾಪಸ್ ಅಲ್ವಾ?"

"ಹೌದು ಹೌದು" ಎಂದೆ. ಹದಿನೇಳು ವರ್ಷ ವ್ಯಾಪಾರ ಮಾಡಿದ ಮುಖ ಇದು, ಉದುರಿಬೀಳದೆ ಬಸ್ ನಿಲ್ದಾಣದವರೆಗೆ ಬಂತು.

ಎರಡು ತಿಂಗಳಿಂದ ದಿನಾ ಬೆಳಿಗ್ಗೆ ಎಂಟಕ್ಕೆ ಬುತ್ತಿ ಕಟ್ಟಿ ಕೊಟ್ಟಿದ್ದೇನೆ. ದಿನಾ ಸಂಜೆ ಖಾಲಿ ಡಬ್ಬ ತೊಳೆದಿದ್ದೇನೆ. ಎಲ್ಲಿ ಕೂತು ತಿಂದರು? ಯಾರ ಜೊತೆ?

ಮಾರ್ಚ್ 20, ಶುಕ್ರವಾರ

ಬುತ್ತಿ ಕಟ್ಟಿದೆ. ತೆಗೆದುಕೊಂಡು ಹೋದರು. ಬರೆಯಲು ಏನೂ ಇಲ್ಲ.

ಮಾರ್ಚ್ 25, ಬುಧವಾರ

ತಲೆ ಕೆಟ್ಟುಹೋಗಿದೆ. ಎರಡು ಸಂಗತಿ ಬರೆದು ಮುಗಿಸುತ್ತೇನೆ.

ಒಂದು. ಅಂಗಡಿಗೆ ಒಬ್ಬ ಬಂದ, ನಲವತ್ತರ ಒಳಗಿನವನು, ಹೊಳೆಯುವ ಷೂ. ನೋಡಿದ ಕೂಡಲೇ ಮಸಾಲೆಯವನು ಅನ್ನಬೇಕಿತ್ತು. ಬಾಯಿ ಬರಲಿಲ್ಲ. "ನಿಮಗೆ ಏನಿಷ್ಟ?" ಎಂದು ಕೇಳಿದೆ. ಅವನು ಕಕ್ಕಾಬಿಕ್ಕಿಯಾಗಿ, "ಅದನ್ನ ನೀವೇ ಹೇಳ್ತೀರಿ ಅಂತ ಗೆಳೆಯ ಕಳ್ಸಿದ್ದ" ಅಂದ. ಆಮೇಲೆ ಕೂತು, ತನ್ನಪ್ಪನ ಗಡ್ಡದ ಸೋಪಿನ ವಾಸನೆ, ತಾನು ಕಾಲೇಜಿನಲ್ಲಿದ್ದ ಕೋಣೆ, ಇನ್ನೇನೇನೋ ಮುಕ್ಕಾಲು ಗಂಟೆ ಹೇಳಿದ. ಕೊನೆಗೆ ಏನೂ ಕೊಳ್ಳದೆ, "ತುಂಬಾ ಥ್ಯಾಂಕ್ಸ್ ಆಂಟಿ" ಎಂದು ಹೋದ. ಹಾಳು ವ್ಯಾಪಾರ. ದರ್ಜಿಯಣ್ಣ ಆ ಕಡೆಯಿಂದ, "ಏನಕ್ಕಾ, ಇವತ್ತು ನಿಮ್ಮ ಅಂಗಡೀಲಿ ಗಿರಾಕಿ ದನಿ ಕೇಳ್ತಿದೆ, ನೀವು ಊರಲ್ಲಿಲ್ವೇನೋ ಅಂದ್ಕೊಂಡೆ" ಎಂದು ಕಿಚಾಯಿಸಿದ.

ಎರಡು. ಸಂಜೆ ಇವರು ಪೇಪರ್ ಓದುತ್ತ ಕೂತಿದ್ದಾಗ ಪಕ್ಕದ ಕುರ್ಚಿಯಲ್ಲಿ ಹೋಗಿ ಕೂತೆ. ಸಿಟ್ಟಿನಿಂದಲೇ ಕೂತದ್ದು. ಆದರೆ ಆ ದೇವದಾರು, ಆ ರಾಳ... ಎದ್ದು ಹೋಗಲು ಮನಸ್ಸಾಗಲಿಲ್ಲ. ನನ್ನ ಗಂಡನಿಗೆ ಇನ್ನೊಬ್ಬಳು ಹಚ್ಚಿಕೊಟ್ಟ ಸೆಂಟಿಗೆ ನಾನು ಮರುಳಾಗಿ ಕೂತಿದ್ದೇನೆ. ಇದನ್ನು ಯಾವ ಪುಟದಲ್ಲಿ ಬರೆದುಕೊಳ್ಳುವುದು? ಪೇಪರಿನಿಂದ ತಲೆಯೆತ್ತಿ "ಏನು?" ಅಂದರು. "ಏನಿಲ್ಲ" ಅಂದೆ. ಇಬ್ಬರೂ ಸುಳ್ಳು ಹೇಳುವುದರಲ್ಲಿ ಪಳಗುತ್ತಿದ್ದೇವೆ.

ಏಪ್ರಿಲ್ 2, ಗುರುವಾರ

ಇವತ್ತು ಆ ವಾಸನೆ ನಡೆದುಕೊಂಡು ನನ್ನ ಅಂಗಡಿಯೊಳಗೆ ಬಂತು.

ಹನ್ನೊಂದು ಗಂಟೆ. ಬಗ್ಗಿ ಕೆಳಗಿನ ಕಪಾಟು ಒರೆಸುತ್ತಿದ್ದೆ. ಮೊದಲು ದೇವದಾರು ಬಂತು, ಹಿಂದೆಯೇ ಲ್ಯಾವೆಂಡರ್, ರೋಸ್‌ಮೇರಿ, ರಾಳ, ತೊಗಲು. ಒಂದೂ ತಪ್ಪಿಲ್ಲ. ಒಂದು ತಿಂಗಳಿಂದ ಕಾದಿದ್ದವಳು ಬಂದಳು. ತಲೆ ಸರಿಮಾಡಿಕೊಂಡು ಎದ್ದು ನಿಂತೆ.

ಎದುರಿಗೆ ಎಪ್ಪತ್ತು ದಾಟಿದ ಮುದುಕಿ. ಸೋಡಾ ಬಾಟಲಿಯ ತಳದಂಥ ಕನ್ನಡಕ, ಗಂಡಸರ ಅಂಗಿ, ತೋಳು ಮಡಚಿದೆ, ಬೆರಳ ತುದಿಯೆಲ್ಲ ಕಂದು ಅಂಟು. ಒಂದು ಕಾಲು ಎಳೆಯುತ್ತ ಬಂದು ಮೇಜಿಗೆ ಒರಗಿದರು.

ಇವರಾ? ಒಂದು ತಿಂಗಳು ನಿದ್ದೆಗೆಟ್ಟದ್ದು ಇವರಿಗೋಸ್ಕರವಾ?

"ಶುದ್ಧ ಲ್ಯಾವೆಂಡರ್ ಎಣ್ಣೆ ಬೇಕಮ್ಮ. ಸೆಂಟಲ್ಲ, ಎಣ್ಣೆ. ಅರ್ಧ ಲೀಟರ್."

"ಇಷ್ಟು ಯಾತಕ್ಕೆ?"

"ವಾರ್ನಿಶ್‌ಗೆ. ಗಿಟಾರು, ಪಿಟೀಲು ರಿಪೇರಿ ಮಾಡ್ತೀನಿ. ರಾಳ ಕರಗಿಸಿ ಇದನ್ನ, ಒಂಚೂರು ರೋಸ್‌ಮೇರಿ ಎಣ್ಣೇನ ಬೆರೆಸಿದ್ರೆ ಮರದ ಮೇಲೆ ನೀರಿನ ಹಾಗೆ ಹರಿಯತ್ತೆ. ಪೇಟೇಲಿ ಕೊಡೋದೆಲ್ಲ ಕಲಬೆರಕೆ, ಹಚ್ಚಿದ್ರೆ ಬೊಬ್ಬೆ ಬರತ್ತೆ. ನನ್ನ ಹತ್ರ ಕೆಲಸ ಕಲೀತಿರೋರೊಬ್ರು ಹೇಳಿದ್ರು, ಈ ಊರಲ್ಲಿ ಸುಳ್ಳಿಲ್ಲದ ಎಣ್ಣೆ ಸಿಗೋದಿದ್ರೆ ಈ ಅಂಗಡೀಲೇ ಅಂತ."

"ಯಾರು ಹೇಳಿದ್ದು?"

"ಒಬ್ರು ಗೋದಾಮಿನೋರು."

ದೇವದಾರು ಎಂದರೆ ದೇವದಾರೇ. ರಾಳ ಎಂದರೆ ರಾಳವೇ. ತೊಗಲು ಎಂದರೆ ಬೆರಳಿನ ಆ ಅಂಟು. ಬಾಟಲಿಯೇ ಇಲ್ಲ. ಹದಿನೇಳು ವರ್ಷ ಬಾಟಲಿಯಲ್ಲೇ ಮರ ಮೂಸಿದವಳಿಗೆ, ಗಂಡನ ಅಂಗಿಯಲ್ಲಿ ನಿಜವಾದ ಮರ ಕೂತಿದ್ದರೂ ಗುರುತು ಸಿಗಲಿಲ್ಲ. ಯಾವ ಕಂಪನಿಯದು ಎಂದು ಹುಡುಕುತ್ತಿದ್ದೆ!

"ಅಷ್ಟು ಈಗ ಇಲ್ಲ, ಶನಿವಾರ ಕೊಡ್ತೀನಿ" ಎಂದೆ.

"ಕಳಿಸಿಕೊಡೋಕಾಗತ್ತಾ? ನನ್ನ ಮೊಣಕಾಲು ನೆಟ್ಟಗಿಲ್ಲ" ಎಂದು ವಿಳಾಸ ಬರೆದುಕೊಟ್ಟರು. ನಾನು ಯಾರೆಂದು ಅವರಿಗೆ ಗೊತ್ತಿಲ್ಲ. ಹೇಳಲೂ ಇಲ್ಲ.

ಸಂಜೆ ಇವರ ತೋಳಿನ ಹತ್ತಿರ ನಿಂತೆ. ಸಮಾಧಾನವಾಗಬೇಕಿತ್ತು. ಇನ್ನೊಬ್ಬಳಿಲ್ಲ. ಆದರೆ ಯಾಕೆ ಹೇಳಲಿಲ್ಲ? ಇನ್ನೊಬ್ಬಳಿದ್ದಿದ್ದರೆ ಹೇಳದಿರುವುದಕ್ಕೆ ಒಂದು ಅರ್ಥವಾದರೂ ಇತ್ತು.

ಏಪ್ರಿಲ್ 4, ಶನಿವಾರ

ಎಣ್ಣೆ ನಾನೇ ಒಯ್ದೆ. ಹಿಂಬದಿಯ ಓಣಿ, ತಗಡಿನ ಮಾಡು, ಮುಂದೆ ಸಣ್ಣ ಅಂಗಳ. ಅಂಗಳದಲ್ಲಿ ಮುದುಕಿ ತೆಳ್ಳನೆ ಹಲಗೆಗಳನ್ನು ನೆರಳಿಗೆ ಜೋಡಿಸುತ್ತಿದ್ದರು. ಕಿಟಕಿ ತೆರೆದಿತ್ತು.

ಒಳಗೆ ಇವರು. ನಾನು ಕೊಟ್ಟ ಹರಿದ ಬನಿಯನ್ನನ್ನು ಆ ಕಾಲುಚೀಲಕ್ಕೆ ಸುತ್ತಿ ಉಂಡೆ ಮಾಡಿ, ಪಿಟೀಲಿನ ಬೆನ್ನಿನ ಮೇಲೆ ಸುತ್ತು ಸುತ್ತಾಗಿ ಒರೆಸುತ್ತಿದ್ದರು. ಪಕ್ಕದಲ್ಲಿ ಇನ್ನೊಬ್ಬ ಕೆಲಸಗಾರ. ಇವರು ಮಾತಾಡುತ್ತಿದ್ದರು. ನಿಲ್ಲಿಸದೆ. ಏನೋ ಕತೆ, ಕೈಯಲ್ಲಿ ಅಭಿನಯ ಬೇರೆ, ಆ ಕೆಲಸಗಾರ ಹೊಟ್ಟೆ ಹಿಡಿದು ನಗುತ್ತಿದ್ದ.

ನಾನು ಮನೆ ತಪ್ಪಿ ಬಂದೆನೇನೋ ಅನ್ನಿಸಿತು.

"ಒಳಗೆ ಬನ್ನಿ" ಎಂದರು ಮುದುಕಿ.

"ಬೇಡ. ಅಂಗಡಿ ಬಿಟ್ಟು ಬಂದಿದೀನಿ." ಆಮೇಲೆ ತಡೆಯಲಾಗದೆ, "ಆ ಕನ್ನಡಕದೋರು ಹೇಗೆ?"

"ಹೇಗೆ ಅಂದ್ರೆ? ಕೈ ಚೆನ್ನಾಗಿದೆ. ಬಾಯಿ ಜಾಸ್ತಿ."

ಬಾಯಿ ಜಾಸ್ತಿ! ಬರೆದು ಎರಡು ಸಲ ಓದಿಕೊಂಡೆ.

"ಮೊದಲ ಒಂದೂವರೆ ತಿಂಗಳು ಬರೀ ಕಸ ಗುಡಿಸಿದ್ರು, ಪಾಪ. ಹೋದ ತಿಂಗಳು ಮರ ಮುಟ್ಟೋಕೆ ಬಿಟ್ಟೆ. ಈಗ ಹಳೇ ಗಿಟಾರಿಗೆ ದೇವದಾರಿನ ಹೊಸ ಮುಖ, ಅದೇ ಮೇಲಿನ ಹಲಗೆ, ಕೂರ್ಸಿದಾರೆ. ಮಂಗಳವಾರ ತಂತಿ ಕಟ್ತಾರೆ. ತಂತಿ ಎಳೆತಕ್ಕೆ ಹಲಗೆ ನಿಂತ್ರೆ ಇಲ್ಲೇ ಇರ್ತಾರಂತೆ, ನಿಲ್ಲದಿದ್ರೆ ಹದಿಮೂರಕ್ಕೆ ಗೋದಾಮಿಗೆ ವಾಪಸ್ಸಂತೆ. ಹಾಗಂತ ಅವರೇ ಷರತ್ತು ಹಾಕ್ಕೊಂಡಿದಾರೆ, ನಾನೇನೂ ಹೇಳಿಲ್ಲ. ಮನೇಲಿ ಹೇಳಿದೀರಾ ಅಂತ ಕೇಳ್ದೆ. ನಿಂತ ಮೇಲೆ ಹೇಳ್ತೀನಿ ಅಂದ್ರು."

ಅಂಗಡಿಗೆ ವಾಪಸ್ಸು ಬರುವ ದಾರಿಯಲ್ಲಿ ಎರಡು ನಿಲ್ದಾಣ ಮುಂದೆ ಹೋಗಿ ಇಳಿದೆ.

ಹಲಗೆ ನಿಲ್ಲಲಿ ಎಂದು ನನಗೆ ಆಸೆಯೋ, ಬೀಳಲಿ ಎಂದೋ? ನಿಂತರೆ ನಿಶ್ಚಿತವಾದ ಕೆಲಸ ಹೋಗುತ್ತದೆ. ಬಿದ್ದರೆ ಆ ಕಿಟಕಿಯೊಳಗಿನ ಮನುಷ್ಯ ಹೋಗುತ್ತಾರೆ. ಆ ಮನುಷ್ಯನನ್ನು ನಾನು ನೋಡಿದ್ದು ಹತ್ತು ನಿಮಿಷ.

ಏಪ್ರಿಲ್ 7, ಮಂಗಳವಾರ

ಇವತ್ತು ತಂತಿ. ಬೆಳಿಗ್ಗೆ ಬುತ್ತಿಯ ಡಬ್ಬ ಮರೆತು ಇಳಿದು, ಮತ್ತೆ ಮೂರು ಮಹಡಿ ಹತ್ತಿ ಬಂದರು. ನಾನೂ ಅಂಗಡಿಯಲ್ಲಿ ಎರಡು ಬಾಟಲಿ ಒಡೆದೆ. ಸಂಜೆ ಬಂದವರು ಸೀಟಿ ಹಾಕುತ್ತ ಕೈಕಾಲು ತೊಳೆದರು. ನಿಂತಿದೆ.

ಏಪ್ರಿಲ್ 9, ಗುರುವಾರ

ನಿಂತಿಲ್ಲ.

ಯಾರೂ ಹೇಳಲಿಲ್ಲ. ಮೂರಕ್ಕೇ ಮನೆಗೆ ಬಂದಿದ್ದರಂತೆ. ನಾನು ಬಂದಾಗ ಸ್ನಾನ ಮಾಡಿ ತೊಳೆದ ಅಂಗಿ ಹಾಕಿಕೊಂಡು ಕೂತಿದ್ದರು. ಬರೀ ಸೋಪು. ಉಗುರಿನ ಕಂದು ಬಣ್ಣ ಉಜ್ಜಿ ಉಜ್ಜಿ ತೆಗೆದು ಬೆರಳು ಕೆಂಪಾಗಿದ್ದವು.

"ಬೇಗ ಬಂದ್ರಾ?"

"ಹ್ಞೂಂ. ಸೋ‌ಮವಾರದಿಂದ ಕೆಲಸ ಜಾಸ್ತಿ ಇರತ್ತೆ."

ಅಷ್ಟೇ. ಹಳೆಯ ಮನುಷ್ಯ ವಾಪಸ್ಸು ಬಂದಿದ್ದಾರೆ. ನನ್ನ ಲೆಕ್ಕ ಸರಿಹೋಯಿತು, ನಿಶ್ಚಿತ ಕೆಲಸ ಉಳಿಯಿತು. ಇಡೀ ಸಂಜೆ ಮನೆಯಲ್ಲಿ ಏನೋ ಕಳೆದುಹೋದಂತೆ ಒಂದೊಂದೇ ಕಪಾಟು ತೆರೆದು ಮುಚ್ಚುತ್ತಿದ್ದೆ.

ಏಪ್ರಿಲ್ 12, ಭಾನುವಾರ

ನಾಳೆ ಹದಿಮೂರು.

ಮಾರುವವಳಿಗೆ ತನ್ನ ಬಾಯಿಯ ಬಲ ಗೊತ್ತಿರುತ್ತದೆ. ಈ ಮನುಷ್ಯನನ್ನು ಹತ್ತು ನಿಮಿಷದಲ್ಲಿ ಗೋದಾಮಿಗೆ ಕಳಿಸಬಲ್ಲೆ. ಹತ್ತೇ ನಿಮಿಷದಲ್ಲಿ ಆ ತಗಡಿನ ಮಾಡಿಗೂ ಕಳಿಸಬಲ್ಲೆ. ಎರಡಕ್ಕೂ ಮಾತು ನಾಲಿಗೆಯ ತುದಿಯಲ್ಲಿ ಸಾಲಾಗಿ ನಿಂತಿತ್ತು. ಟೀ ಕೊಟ್ಟು ಎದುರಿಗೆ ಕೂತೆ. ಆಮೇಲೆ ಯಾಕೋ ಯಾವುದೂ ಬರಲಿಲ್ಲ.

"ಹಲಗೆ ಎಲ್ಲಿ ಸೀಳ್ತು?" ಎಂದೆ.

ಲೋಟ ಅರ್ಧದಲ್ಲೇ ನಿಂತಿತು. "ಸೇತುವೆ ಪಕ್ಕ. ತಂತಿ ಕಟ್ಟೋ ಪಟ್ಟಿ ಇರತ್ತಲ್ಲ, ಅಲ್ಲಿಂದ ಕೆಳಗೆ. ಎಳೆ ನೋಡದೆ ಕೊಯ್ದುಬಿಟ್ಟಿದ್ದೆ." ಆಮೇಲೆ, "ನಿನಗೆ ಯಾವಾಗಿಂದ ಗೊತ್ತು?"

"ಎಣ್ಣೆ ಅಲ್ಲಿಗೆ ತಂದು ಕೊಟ್ಟಿದ್ದು ನಾನೇ ಕಣ್ರೀ."

ನಗಲು ಹೋಗಿ ಬಿಟ್ಟರು. "ಅದಕ್ಕೇ ಬೊಬ್ಬೆ ಬರಲಿಲ್ಲ."

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಸಂಜೆಯೊಳಗೆ ನೀನು ನನಗೂ ಒಂದು ಕಾರ್ಡ್ ಬರೀತಿದ್ದೆ. ಚೆನ್ನಾಗೇ ಬರೀತಿದ್ದೆ. ಆಮೇಲೆ ನಾನು ಆ ಕಾರ್ಡಿನ ಥರ ಇರಬೇಕಾಗ್ತಿತ್ತು. ಕಸ ಗುಡಿಸ್ತಾ ಇರೋವಾಗ ಅದೆಲ್ಲ ಆಗಲ್ಲ ಕಣೇ."

ಮಾರ್ಚ್ ಎಂಟರ ಕಾರ್ಡು ನೆನಪಾಯಿತು. ಹೇಳಲಿಲ್ಲ. ಕಾರ್ಡು ಬರೆದಿಲ್ಲ ಎಂದು ಸುಳ್ಳೂ ಹೇಳಲಿಲ್ಲ.

"ನಾಳೆ ಎಲ್ಲಿಗೆ ಹೋಗ್ತೀರಿ?"

"ಗೋದಾಮಿಗೆ. ಸೀಳ್ತಲ್ಲ." ಲೋಟ ತಿರುಗಿಸುತ್ತ, "ನಿನಗೇನನ್ನಿಸತ್ತೆ?"

ಇಪ್ಪತ್ತಾರು ವರ್ಷದಲ್ಲಿ ಈ ಪ್ರಶ್ನೆಗೆ ನಾನು ಉತ್ತರಿಸದೆ ಇದ್ದದ್ದಿಲ್ಲ, ಅವರು ಕೇಳದಿದ್ದಾಗಲೂ ಉತ್ತರಿಸಿದ್ದೇನೆ. "ನನಗೆ ಗೊತ್ತಿಲ್ಲ ರೀ" ಎಂದೆ. "ನಿಜವಾಗ್ಲೂ ಗೊತ್ತಿಲ್ಲ."

ಹೇಳಿದ ಮೇಲೆ ಹೆದರಿಕೆಯಾಯಿತು. ಅವರು ಲೋಟ ಕೆಳಗಿಟ್ಟು ಹೇಳತೊಡಗಿದರು. ಮರದ ಎಳೆ ಎಂದರೇನು, ಯಾವ ಕಡೆಯಿಂದ ತಟ್ಟಿದರೆ ಹಲಗೆ ಹೇಗೆ ದನಿ ಕೊಡುತ್ತದೆ, ರಜೆಯ ಮೊದಲ ದಿನ ಎಲ್ಲಿ ಹೋಗಬೇಕೆಂದು ತಿಳಿಯದೆ ಆ ಓಣಿಯ ಕಿಟಕಿಯಲ್ಲಿ ನಿಂತದ್ದು, ಮುದುಕಿ "ನಿಂತ್ಕೊಳೋದಾದ್ರೆ ಕಸಬರಿಗೆ ಹಿಡ್ಕೊಂಡು ನಿಂತ್ಕೊಳಿ" ಎಂದದ್ದು. ಟೀಪಾಯಿ, ಬಾಗಿಲು, ಕಿಟಕಿಯ ಚೌಕಟ್ಟು ಎಲ್ಲವನ್ನೂ ತಟ್ಟಿ ತಟ್ಟಿ ಕೇಳಿಸಿದರು. ನನಗೆ ಎಲ್ಲವೂ ಒಂದೇ ಥರ ಕೇಳಿಸಿತು. ಹಾಗೆಂದೇ ಹೇಳಿದೆ. ಮತ್ತೆ ತಟ್ಟಿದರು.

ನಾಳೆಯ ಮಾತು ಇಬ್ಬರೂ ಎತ್ತಲಿಲ್ಲ.

ಏಪ್ರಿಲ್ 13, ಸೋಮವಾರ

ಎಂಟಕ್ಕೆ ಬುತ್ತಿ ಹಿಡಿದು ಹೊರಟರು. ನಾನು ಬಾಲ್ಕನಿಗೆ ಹೋಗಿ ಯಾವ ಕಡೆ ತಿರುಗಿದರು ಎಂದು ನೋಡಲಿಲ್ಲ. ಇಡೀ ದಿನ ಅಂಗಡಿಯಲ್ಲಿ ಏನು ಮಾರಿದೆನೋ ನೆನಪಿಲ್ಲ. ದರ್ಜಿಯಣ್ಣ ಎರಡು ಸಲ ಇಣುಕಿ "ಅಕ್ಕಾ, ಇದ್ದೀರಾ?" ಎಂದ.

ಸಂಜೆ ಏಳೂಕಾಲಿಗೆ ಬಂದರು. ಷೂ ಬಿಚ್ಚಲು ಬಗ್ಗಿದರು. ಹತ್ತಿರ ಹೋಗಿದ್ದರೆ ಒಂದು ಉಸಿರಿನಲ್ಲಿ ಗೊತ್ತಾಗಿಬಿಡುತ್ತಿತ್ತು. ಅಡುಗೆಮನೆಯ ಬಾಗಿಲಲ್ಲೇ ನಿಂತು ಕೇಳಿದೆ. "ಎಲ್ಲಿಗೆ ಹೋಗಿದ್ರಿ?"

ಗೋದಾಮಿಗೆ ಹೋಗಿದ್ದರಂತೆ. ತಮ್ಮ ಕುರ್ಚಿಯಲ್ಲಿ ಹನ್ನೊಂದರವರೆಗೆ ಕೂತರಂತೆ. ಮೂರು ತಿಂಗಳ ದಾಖಲೆಯೆಲ್ಲ ಅಚ್ಚುಕಟ್ಟಾಗಿತ್ತಂತೆ, ಯಾರಿಗೂ ಇವರಿಗೆಂದು ಒಂದು ಪ್ರಶ್ನೆಯೂ ಉಳಿದಿರಲಿಲ್ಲವಂತೆ. ಹಾಳೆ ಕೇಳಿ ಪಡೆದು, ಕೆಲಸ ಬಿಡುವ ಪತ್ರ ಬರೆದು, ಎರಡು ಸಲ ಹರಿದು, ಮೂರನೆಯದನ್ನು ಕೊಟ್ಟು ಬಂದರಂತೆ. ಕಾವಲುಗಾರ "ಸಾರ್, ಬುತ್ತಿ ಬಿಟ್ಟು ಹೋಗ್ತಿದ್ದೀರಿ" ಎಂದು ಗೇಟಿನಾಚೆ ಓಡಿಬಂದನಂತೆ. ಮಧ್ಯಾಹ್ನಕ್ಕೆ ಓಣಿಯ ತಗಡಿನ ಮಾಡು. ಮುದುಕಿ ತಲೆಯೆತ್ತದೆ, "ಸೀಳಿದ್ದನ್ನ ನೀವೇ ಬಿಚ್ಚಿ ತೆಗೀರಿ, ಬೇರೆಯೋರ ಕೈಲಿ ತೆಗೆಸಲ್ಲ ನಾನು" ಎಂದರಂತೆ. ಇಡೀ ಮಧ್ಯಾಹ್ನ ಅದೇ ಕೆಲಸ.

"ತಪ್ಪು ಮಾಡಿದ್ನಾ?" ಎಂದು ಕೇಳಿದರು.

"ಗೊತ್ತಿಲ್ಲ. ನಿಮಗೆ?"

"ನನಗೂ ಗೊತ್ತಿಲ್ಲ." ಆಮೇಲೆ, "ನಾಳೆ ಹೊಸ ಹಲಗೆ ಆರಿಸ್ಬೇಕು. ನೀನು ಬರ್ತೀಯಾ? ನೋಡೋಕೆ. ಅಲ್ಲಿ ಏನೂ ಹೇಳ್ಬೇಡ, ಸುಮ್ನೆ ನೋಡು."

ಒಪ್ಪಿಕೊಂಡಿದ್ದೇನೆ. ಮೂರು ಗಂಟೆಗೆ ಅಂಗಡಿ ಮುಚ್ಚಿ ಹೋಗಬೇಕು. ಮೂರರಿಂದ ಆರರವರೆಗೆ, ಮೂರು ಗಂಟೆ ಕಾಲ, ಅಷ್ಟು ಮರದ ನಡುವೆ, ಬಾಯಿ ತೆರೆಯದೆ. ಹೇಗೆ ಮಾಡುತ್ತೇನೋ ನನಗೆ ಒಂದೂ ತಿಳಿಯುತ್ತಿಲ್ಲ.